ಗುಂಗುರಿಯ ಕಾರ್ಡು

೧೪ನೇ ತಾರೀಖು, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಎರಡು ತಿಂಗಳಿಂದ ಕಾಗದ ಬರೆಯದಿದ್ದಕ್ಕೆ ಬೈಯಬೇಡ. ಬೈದರೂ ಭಾವನ ಎದುರಿಗೆ ಬೇಡ. ನಮ್ಮವರು ಕಟ್ಟಡದ ಕೆಲಸಕ್ಕೆ ದೂರ ಹೋಗಿದ್ದಾರೆ, ಎರಡು ವಾರಕ್ಕೊಮ್ಮೆ ಬರುತ್ತಾರೆ. ನನ್ನದು ಹೋಟೆಲಿನ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಿಸುವ ಕೆಲಸವೇ ಇನ್ನೂ. ಆ ತುದಿ ಹಿಡಿಯುವವಳು ಗುಂಗುರಿ, ಗುಂಗುರು ಕೂದಲಿನ ಅದೇ ಪಕ್ಕದ ರೂಮಿನವಳು. ಒಂದೊಂದು ಮಡಿಕೆಗೂ ಅವಳ ಮುಖದ ತನಕ ಹೋಗಿ ಬರಬೇಕು.

ಅವಳನ್ನು ಕಂಡರೆ ನನಗೆ ಹೊಟ್ಟೆಯುರಿ, ನಿನ್ನ ಹತ್ತಿರ ಮುಚ್ಚುಮರೆ ಯಾಕೆ. ಅವಳಿಗೆ ಇಲ್ಲಿರಲು ಕಾಗದಪತ್ರವಿದೆ, ಕ್ಲಿನಿಕ್ಕಿನ ಕಾರ್ಡಿದೆ. ನನ್ನ ವೀಸಾ ಮುಗಿದು ಎರಡು ವರ್ಷ. ಇಬ್ಬರೂ ಒಟ್ಟಿಗೇ ಬಸುರಾದೆವು. ಅವಳು ತಿಂಗಳು ತಿಂಗಳು ತೋರಿಸಿಕೊಂಡು ಬಂದು ಗಂಡುಮಗು ಹೆತ್ತಳು. ನನ್ನದು ಏಳನೇ ತಿಂಗಳಲ್ಲಿ ಹೋಯಿತು. ಕಾಗದವಿಲ್ಲದವಳನ್ನು ಯಾರು ನೋಡುತ್ತಾರೆ ಎಂದು ಆಗ ನಿನಗೆ ಬರೆದಿದ್ದೆ. ಈಗಲೂ ಅವಳು ಮಗುವನ್ನು ಎತ್ತಿಕೋ ಎಂದರೆ, ಕೈ ಒದ್ದೆ ಎನ್ನುತ್ತೇನೆ.

ಹೋದ ವಾರ ಹೊಟ್ಟೆನೋವು ತಡೆಯಲಾಗದೆ ಕೆಲಸದ ನಡುವೆಯೇ ಕುಳಿತುಬಿಟ್ಟೆ. ಗುಂಗುರಿ ತನ್ನ ಕಾರ್ಡನ್ನು ನನ್ನ ಜೇಬಿಗೆ ತುರುಕಿ, "ನನ್ನ ಮಾತಂತೂ ನೀನು ನಂಬಲ್ಲ. ಇದನ್ನಾದ್ರೂ ತಗೊಂಡು ಹೋಗು" ಎಂದಳು. ಕೊಡುವಾಗಲೂ ದೊಡ್ಡಸ್ತಿಕೆ ನೋಡು ಅಂದುಕೊಂಡೆ.

ಕ್ಲಿನಿಕ್ಕಿನಲ್ಲಿ ಆ ಕಾರ್ಡನ್ನೇ ಕೊಟ್ಟೆ. ನರ್ಸಮ್ಮ ಕಂಪ್ಯೂಟರ್ ನೋಡಿ, "ಮಗು ಹೇಗಿದಾನೆ? ಎಂಟು ತಿಂಗಳಾಯ್ತಲ್ವಾ?" ಎಂದಳು.

"ಚೆನ್ನಾಗಿದಾನೆ. ಎರಡು ಹಲ್ಲು ಬಂದಿದೆ" ಎಂದೆ. ಅಕ್ಕ, ಆ ಒಂದು ನಿಮಿಷ ಎಷ್ಟು ಹಿತವಾಗಿತ್ತು ಗೊತ್ತಾ.

ಆಮೇಲೆ ಹೊಟ್ಟೆ ಒತ್ತಿ ನೋಡುತ್ತಿದ್ದವಳು ಕೈ ನಿಲ್ಲಿಸಿದಳು. "ಆಪರೇಷನ್ ಮಾಡಿ ಹೆರಿಗೆ ಆಗಿದೆ ಅಂತ ಬರೆದಿದೆ. ಗುರುತೇ ಇಲ್ವಲ್ಲಮ್ಮ?"

ಎದ್ದು ಚಪ್ಪಲಿ ಹುಡುಕಿದೆ. ಅವಳೇ ಕೈ ಹಿಡಿದು ಕೂರಿಸಿದಳು. "ಕಾರ್ಡು ಅವರಿಗೆ ವಾಪಸ್ ಕೊಟ್ಬಿಡಿ. ನಿಮ್ಮ ಹೆಸರು ಹೇಳಿ, ಸಾಕು. ಕಾಗದಪತ್ರ ಇಲ್ದೋರನ್ನೂ ನೋಡ್ತೀವಿ, ಯಾರಿಗೂ ಹೇಳಲ್ಲ."

ಹೆಸರು ಹೇಳಿದೆ. ಮಾತ್ರೆ ಕೊಟ್ಟಿದ್ದಾಳೆ, ನೋವು ಇಳಿದಿದೆ. ಗಾಬರಿಯಾಗಬೇಡ.

ಭಾವನಿಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ, ನೂರು ಕಾಲ ಬಾಳಲಿ.

ನಿನ್ನ ತಂಗಿ

ಇನ್ನೊಂದು ಮಾತು: ಕಾಗದವಿಲ್ಲದವಳನ್ನು ಯಾರು ನೋಡುತ್ತಾರೆ ಎಂದು ಆಗ ನಿನಗೆ ಬರೆದದ್ದು ನಿಜವಲ್ಲ. ನನಗೆ ರಕ್ತ ಕಾಣಿಸಿದ ದಿನವೇ ಗುಂಗುರಿ, ತನ್ನ ಆ ಹೊಟ್ಟೆ ಹೊತ್ತುಕೊಂಡು ಬಾಗಿಲಲ್ಲಿ ನಿಂತು, "ಬಾರೇ, ನಮ್ಮ ಕ್ಲಿನಿಕ್ಕಲ್ಲಿ ಕಾಗದ ಕೇಳಲ್ಲ, ವಿಚಾರಿಸ್ಕೊಂಡೇ ಬಂದಿದೀನಿ" ಎಂದು ಕರೆದಿದ್ದಳು. ತನ್ನ ಕಾರ್ಡಿನ ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಅಂದುಕೊಂಡು ಗೋಡೆ ಕಡೆ ತಿರುಗಿ ಮಲಗಿದೆ. ಮಗು ಹೋಗುವ ತನಕ ಮೂರು ದಿನವೂ ಬಂದು ಕರೆದಳು, ಅಕ್ಕ.