ಟೈರ್ ಆರಿಸಿದ್ದು ನಾನೇ

ನವೆಂಬರ್ ೧೧, ೨೦೦೬, ಶನಿವಾರ. ಏಪೆಕ್ಸ್, ಅಮೆರಿಕ.

ಅಂತೂ ಟೈರ್ ಹಾಕಿಸಿಯಾಯಿತು. ಕಳೆದ ವಾರ ಮಳೆಯಲ್ಲಿ ಹೈವೇಯಿಂದ ಇಳಿಯುವ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿದಾಗಿನಿಂದ ಮಿಡ್‌ಟರ್ಮ್ ಪರೀಕ್ಷೆಗೆ ಓದಿದ್ದಕ್ಕಿಂತ ಹೆಚ್ಚು ಟೈರ್ ರಿವ್ಯೂಗಳನ್ನೇ ಓದಿದ್ದೇನೆ. ತಿರುವಿನಲ್ಲಿ ಗಟ್ಟಿಯಾಗಿ ಹಿಡಿಯುವುದು ಹಿಮದಲ್ಲಿ ಸೋಲುತ್ತದೆ, ಹಿಮಕ್ಕೆ ಒಳ್ಳೆಯದು ತಿರುವಿನಲ್ಲಿ ಮೆತ್ತಗೆ. ಡಿಸೆಂಬರಿನಲ್ಲಿ ಅಕ್ಕನ ಮನೆಗೆ ಹಿಮ ಬೀಳುವ ಬೂನ್ ಬೆಟ್ಟ ಹತ್ತಬೇಕು, ದಿನಾ ಈ ತಿರುವೂ ಇಳಿಯಬೇಕು.

ಅಂಗಡಿಯಲ್ಲೂ ರೂಮ್‌ಮೇಟ್ ಶಶಾಂಕನದು ಒಂದೇ ವಾದ. "ಇಲ್ಲಿ ಸ್ನೋ ಬಿದ್ರೆ ಕಾಲೇಜೇ ಕ್ಲೋಸ್ ಕಣೋ, ಕಾರ್ನರಿಂಗ್ ನೋಡು!"

ಜೊತೆಗೆ ಬಂದಿದ್ದ ಪಕ್ಕದ ಮನೆಯ ಸೂರ್ಯನಾರಾಯಣ ಅಂಕಲ್ ನಕ್ಕರು. "ಹಂಗನ್ಬೇಡಪ್ಪಾ. ಬಫಲೋದಲ್ಲಿ ಸ್ನೋ ಮೇಲೆ ಜಾರಿ ಕಾರನ್ನ ಚರಂಡಿಗಿಳಿಸಿದೋನು ನಾನು."

ಅಂಗಡಿಯವನು ಯಾವುದೆಂದು ಕೇಳಿದಾಗ ನಾನು ಅಂಕಲ್ ಮುಖವನ್ನೇ ನೋಡಿದೆ. ಹಾಸ್ಟೆಲ್‌ನಲ್ಲಿ ಸೋಪಿನಿಂದ ಶೂವರೆಗೆ ವಾರ್ಡನ್ ಹೇಳಿದ್ದನ್ನೇ ಕೊಂಡು ಬೆಳೆದವನಿಗೆ ಅದೇ ಅಭ್ಯಾಸ.

"ನನ್ನನ್ನೇನ್ ನೋಡ್ತೀಯಾ? ಓಡ್ಸೋನು ನೀನು," ಎಂದರು.

ಎರಡರಲ್ಲೂ ಫಸ್ಟ್ ಬರದ, ಎರಡರಲ್ಲೂ ಫೇಲಾಗದ ಆಲ್-ಸೀಸನ್ ಟೈರಿಗೆ ಬೆರಳು ತೋರಿಸಿದೆ. ಯಾರನ್ನೂ ಕೇಳದೆ ನಾನೇ ಆರಿಸಿದ ಮೊದಲ ವಸ್ತು ಇದು. ಸಿಲ್ಲಿ, ಆದರೆ ನಿಜ.

ವಾಪಸ್ ಬರುವಾಗ ಮತ್ತೆ ಮಳೆ, ಅದೇ ತಿರುವು. ವಾರವಿಡೀ ಅಲ್ಲಿ ಮಾತು ನಿಲ್ಲಿಸಿ ಬಾಗಿಲಿನ ಹಿಡಿಗೆ ಜೋತುಬೀಳುತ್ತಿದ್ದ ಶಶಾಂಕ್ ಇವತ್ತು ಲ್ಯಾಬ್‌ನವರನ್ನು ಬೈಯುತ್ತಲೇ ಇದ್ದ. ಕಾರು ರಸ್ತೆಯನ್ನು ಕಚ್ಚಿಕೊಂಡು ಸುಮ್ಮನೆ ತಿರುಗಿತು. ತಿರುವು ಮುಗಿದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಬೂನ್‌ನ ಹಿಮದ ಚಿಂತೆ ಡಿಸೆಂಬರಿನಲ್ಲಿ ಮಾಡಿದರಾಯಿತು, ಈಗ ಮಿಡ್‌ಟರ್ಮ್‌ಗೆ ಓದಬೇಕು.