ಪೂಜಿಗಿಂತ ಮೊದಲು ಕರಗೂ ಗುಳಿಗಿ

ಕಲ್ಲೋಳಿ,
ಆದಿತ್ಯವಾರ, ೧೬ ನವೆಂಬರ ೨೦೨೫

ವೈನಿಯವರಿಗೆ ಮುರಿಗೆಪ್ಪನ ಶರಣು.

ಹಂಗಾಗಿ ಅಣ್ಣ ಈಗ ಗುಳಿಗಿ ಉಗುಳೂದಿಲ್ಲ ಅಂತ ನಿನ್ನೆ ಫೋನಿನ್ಯಾಗ ಹೇಳಾಕತ್ತಿದ್ದೆ, ಅಷ್ಟರಾಗ ಕೂಸು ಅತ್ತು ನೀವು ಇಟ್ಟಬಿಟ್ರಿ. ಫೋನಿನ ಮಾತು ಪದ್ಮಶ್ರೀ ಕಿವಿಗೆ ಬೀಳತೈತಿ, ಹಸಿ ಬಾಣಂತಿ, ಅದಕ್ಕ ಬರಿಯಾಕತ್ತೇನಿ. ಮೊದಲು ನಿಮ್ಮ ಮೊಣಕಾಲು ಹೆಂಗದಾವು ಹೇಳ್ರಿ. ಆ ಹುಕ್ಕೇರಿ ಮನಿ ಮೆಟ್ಟಲಾ ಹತ್ತಿ ಇಳದು ಮಗಳ ಬಾಣಂತನ ಮಾಡೂದು ಸಣ್ಣ ಕೆಲಸಲ್ಲ. ಕೂಸಿಗೆ ಅಜ್ಜನ ಮೂಗು ಬಂದೈತಿ ಅಂದ್ರಿ; ಅಜ್ಜನ ಹಟ ಬರಲಿಲ್ಲಂದ್ರ ಸಾಕು.

ನೀವು ಹೋದ ಮ್ಯಾಲೆ ಅಣ್ಣ ಏನೇನು ಆಟ ಆಡಿದ ನಿಮಗ ಗೊತ್ತಿಲ್ಲ. ಲಕವಾ ಹೊಡದ ಬಲಗೈ ನಿಮ್ಮ ಕೈಯಾಗ ಕೊಟ್ಟು ಲಿಂಗಪೂಜಿ ಮಾಡತಿದ್ದ ಮನಷ್ಯಾ, ನನ್ನ ಕೈ ಮುಟ್ಟಗೊಡಲಿಲ್ಲ. "ಮಾರಿ ತೊಳಿಯೂಕಿಂತ ಮೊದಲ ಚಾ ಕುಡಿಯಾಂವ ನೀ" ಅಂತ ತೊದಲಿ ತೊದಲಿ ಬೈದ. ಪೂಜಿ ಆಗೂತನಕ ಬಾಯಾಗ ಏನೂ ಹಾಕೂದಿಲ್ಲ ಅಂದ. ಗೋಕಾಕದ ಡಾಕ್ಟರು ಎದ್ದ ಕೂಡಲೇ ಬೀಪಿ ಗುಳಿಗಿ ಬೇಕಂದಾರ, ಇಲ್ಲಂದ್ರ ಇನ್ನೊಮ್ಮೆ ಹೊಡೀತೈತಿ. ನುಂಗಾಕಂತೂ ಬರೂದಿಲ್ಲ, ನೀರು ಉಸರಿನ ಹಾದಿ ಹಿಡದು ಕಣ್ಣು ಮ್ಯಾಲೆ ಮಾಡತಾನ. ಪುಡಿ ಮಾಡಿ ಬಾಳಿಹಣ್ಣಿನ್ಯಾಗ ಕಲಸಿ ಕೊಟ್ರ ದವಡ್ಯಾಗ ಇಟಗೊಂಡು, ನಾ ಆಕಡೆ ಹೊಳ್ಳಿದ ಕೂಡಲೇ ಗ್ವಾಡಿಗೆ ಉಗುಳತಿದ್ದ.

ಅದಕ್ಕ ಡಾಕ್ಟರು ನಾಲಿಗಿ ಮ್ಯಾಲೆ ಇಟ್ರ ತಾನ ಕರಗೂ ಗುಳಿಗಿ ಬರದ್ರು. ಮೂಡಲಗಿಯಾಗ ಸಿಕ್ಕಿತು. ಪಿ.ಯು.ಸಿ.ಯಾಗ ಓದಿದ್ದೆ, ಸಾಲ್ಯೂಟ್, ಸಾಲ್ವೆಂಟ್ ಅಂತ. ಯಾವುದು ಯಾವುದರಾಗ ಕರಗತೈತಿ ಅನ್ನೂದು ಮರತೈತಿ. ನನ್ನ ಹೇಣ್ತಿ ಕಾಶೆವ್ವ ಬದುಕಿದ್ರ "ಶುರು ಆತು ಇವರ ಇಂಗ್ಲೀಷ" ಅಂತ ನಗತಿದ್ಲು. ಮುಂಜಾನಿ ಅಣ್ಣ ಬಾಯಿ ತಕ್ಕೊಂಡು ಮಲಗಿದ್ದಾಗ ಇಟ್ಟಬಿಟ್ಟೆ. ಎಚ್ಚರಾಗಿ ಉಗುಳಾಕ ಹೋದ, ಬಂದದ್ದು ಬರೇ ಜೊಲ್ಲು, ಪುದೀನಾ ವಾಸನಿ. "ಉಗುಳಪಾ ಅಣ್ಣಾ, ಉಗುಳು, ಏನ ಉಗುಳತಿ?" ಅಂದೆ. ಖರೆ ಹೇಳತೀನಿ, ನಗು ಬಂತು. ಅಂವ "ಪೂಜಿ ಆಗಿಲ್ಲೋ, ಪೂಜಿ ಆಗಿಲ್ಲೋ" ಅಂತ ಧೋತರದ ಚುಂಗಿನಿಂದ ನಾಲಿಗಿ ತಿಕ್ಕಿದ, ರಕ್ತ ಬರೂತನಕ. ಅಯ್ಯನವರು ಲಿಂಗ ಕಟ್ಟಿದಾಗಿಂದ ಮುರೀದ ನೇಮ ಅಂತ. ಸೈನ್ಸ್ ಹ್ಯಾಜ್ ನೋ ಪೂಜಾ, ವೈನಿ. ಮರುದಿನ ನಿದ್ದಿ ಮಾಡಲಾರದ ಹಲ್ಲು ಕಚ್ಚಿ ಕುಂತ. ನಾನೂ ಬಾಜೂಕ ಕುಂತೆ. ಕಡೀಕ ತೂಕಡಿಸಿದ, ದವಡಿ ಜೋತು ಬಿತ್ತು, ಇಟ್ಟೆ. ಜೀವ ಉಳಿಸೂದಕ್ಕ ಕಳವು ಅಂತ ಯಾರ ಅಂತಾರ?

ಇನ್ನ ಬಾಳ ಬರಿಯೂದಿತ್ತು. ಕಿಡಕಿ ಹತ್ತರ ಕುಂತ್ರೂ ಅಕ್ಷರ ಕಾಣವಲ್ವು, ಬೆಳಕು ಹೋಗಾಕತ್ತೈತಿ. ಪದ್ಮಶ್ರೀಗೆ ಆಶೀರ್ವಾದ, ಕೂಸಿನ ಗಲ್ಲಕ್ಕೊಂದು ಮುದ್ದು.

ನಿಮ್ಮ ಮೈದುನ,
ಮುರಿಗೆಪ್ಪ

ತಾ.ಕ.: ಇವತ್ತು ಮುಂಜಾನಿ ಅಣ್ಣ ಕೊರಳಾಗಿನ ಲಿಂಗ ಕರಡಿಗಿ ಸಮೇತ ಎಡಗೈಲೆ ಬಿಚ್ಚಿ ನನ್ನ ತೊಡಿ ಮ್ಯಾಲೆ ಇಟ್ಟ. "ಇನ್ನ ಇದು ನಂದಲ್ಲ" ಅಂದ. ವೈನಿ ಬಂದು ಕೈ ಹಿಡದು ಪೂಜಿ ಮಾಡಸ್ತಾರ ತಡಿ ಅಂದ್ರ, "ಅಕಿನ್ನ ಕರಿಬ್ಯಾಡ" ಅಂದು, ತಾನ ಬಾಯಿ ತಗದ. ಗುಳಿಗಿ ಇಟ್ಟೆ. ಲಿಂಗ ಗ್ವಾಡಿ ಮಾಡದಾಗ ಇಟ್ಟೀನಿ. ಬೀಪಿ ನಾರ್ಮಲ್ ಐತ್ರಿ.