ಸಹಿ ನಿನ್ನದು, ಬರಹ ನನ್ನದು

ಲಾಂಡ್ರಿಯ ಆಫೀಸು ಕೋಣೆ
ಸೋಮವಾರ, ಹತ್ತನೇ ತಾರೀಕು, ಮಧ್ಯಾಹ್ನ

ನನ್ನ ಮೊಂಡು ತಮ್ಮನಿಗೆ,

ಲಕೋಟೆಯ ಮೇಲೆ ಅಕ್ಕನ ಅಕ್ಷರ ಕಂಡ ಕೂಡಲೇ ಹರಿದು ಒಲೆಗೆ ಹಾಕಬೇಡ ಕಣೋ. ಹಾಕುವುದಾದರೆ ಓದಿ ಹಾಕು. ಹೇಗಿದ್ದೀಯ? ಹಬೆ ತಾಗಿ ಸುಟ್ಟ ಎಡಗೈ ಈಗಲೂ ಚಳಿಗೆ ಬಿಗಿದುಕೊಳ್ಳುತ್ತದೆಯೇ? ರಾತ್ರಿ ಮಲಗುವ ಮುಂಚೆ ಎಣ್ಣೆ ಸವರುತ್ತಿದ್ದೀಯೋ, ಇಲ್ಲಾ ಅದಕ್ಕೂ ಯಾರಾದರೂ ಬಂದು ಕೈಮುಗಿಯಬೇಕೋ? ಮಂಡಿ ನೋವು? ಬೆಳಗಿನ ಕೆಮ್ಮು? ನಿನ್ನ ಮಗಳು ಎತ್ತರದಲ್ಲಿ ನಿನ್ನನ್ನು ಮೀರಿದ್ದಾಳಂತೆ, ಬಹಳ ಸಂತೋಷವಾಯಿತು. ಮೊಂಡುತನದಲ್ಲಿ ಮೀರದಿದ್ದರೆ ಸಾಕು. ಇದನ್ನೆಲ್ಲ ನನಗೆ ಹೇಳಿದವರು ಯಾರೆಂದು ಮೀಸೆ ಕುಣಿಸಬೇಡ. ನಿನ್ನ ಹೆಂಡತಿಯೇ ಹೇಳಿದಳು, ವಿಳಾಸ ಕೊಟ್ಟವಳೂ ಅವಳೇ. ಅವಳಲ್ಲ ಎಂದು ಬರೆಯಬಹುದಿತ್ತು. ಆದರೆ ಸುಳ್ಳು ಹೇಳಿ ಹೇಳಿ ನನ್ನ ನಾಲಿಗೆ ಸೋತುಹೋಗಿದೆ.

ಇನ್ನು ಸುದ್ದಿಗೆ ಬರುತ್ತೇನೆ. ಮೊನ್ನೆ ಗುರುವಾರ ಆಸ್ಪತ್ರೆಯಿಂದ ಒಂದು ಲಕೋಟೆ ಬಂತು. ಅಹಹಾ, ಏನು ಠೀವಿ! ದಪ್ಪ ಕಾಗದ, ನೆತ್ತಿಯ ಮೇಲೆ ಬಣ್ಣದ ಲಾಂಛನ, ಕೆಳಗೆ ಸರಬರಾಜು ಅಧಿಕಾರಿಯ ಉದ್ದ ಬಾಲದ ಸಹಿ. ಒಳಗೆ ಮಾತ್ರ ಮೂರೇ ಸಾಲು. ಹೊರಗುತ್ತಿಗೆ ಸಂಸ್ಥೆಗಳ ನೌಕರರಿಗೆ ಲಸಿಕೆ ಕಡ್ಡಾಯವೆಂಬ ಆದೇಶವನ್ನು ತಕ್ಷಣದಿಂದ ಹಿಂಪಡೆಯಲಾಗಿದೆ, ಇದುವರೆಗಿನ ಸಹಕಾರಕ್ಕೆ ಧನ್ಯವಾದಗಳು. ಮುಗಿಯಿತು! ಹತ್ತು ತಿಂಗಳ ಹಿಂದೆ ಇದೇ ಮಹಾನುಭಾವ ಹನ್ನೊಂದು ಪುಟದ ಆದೇಶ ಕಳಿಸಿದ್ದ. ತೆಗೆಯುವುದಕ್ಕೆ ಮೂರು ಸಾಲು ಸಾಕಾಯಿತು. ನಾನು ಇಸ್ತ್ರಿ ಮೇಜಿನ ಪಕ್ಕ ನಿಂತು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಇಸ್ತ್ರಿ ಚಿಕ್ಕಮ್ಮ ತೋಳು ಮೇಲಕ್ಕೆತ್ತಿ, "ಹಾಗಾದ್ರೆ ಚುಚ್ಚಿದ್ದನ್ನ ವಾಪಸ್ ತಗೊಂಡು ಹೋಗ್ತಾರಾ, ಅದನ್ನೂ ಒಂದು ಸಾಲು ಬರೆಸಿಬಿಡಿ" ಎಂದಳು. ಎಲ್ಲರೂ ಘೊಳ್ಳೆಂದು ನಕ್ಕರು. ನಗು ನಿಂತ ಮೇಲೆ ಎಲ್ಲರ ಕಣ್ಣುಗಳೂ ಹಿಂಬದಿಯ ನಿನ್ನ ಬಾಯ್ಲರ್ ಕೋಣೆಯ ಬಾಗಿಲ ಕಡೆ ಹೋದವು. ನನ್ನವೂ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲಸಿಕೆ ಒಳ್ಳೆಯದೆಂದು ಆವತ್ತೂ ನಂಬಿದ್ದೆ, ಇವತ್ತೂ ನಂಬುತ್ತೇನೆ, ಆ ವಿಷಯದಲ್ಲಿ ನಿನ್ನ ಕಾಲು ಹಿಡಿಯುವವಳಲ್ಲ ನಾನು. ಲಸಿಕೆ ಇನ್ನೂ ಬಂದಿರದ ಆ ಮೊದಲ ವರ್ಷ ನೆನಪಿದೆಯಲ್ಲ? ರೋಗಿಗಳ ಹಾಸಿಗೆಯ ಬಟ್ಟೆ ಹಳದಿ ಚೀಲದಲ್ಲಿ ಬಂದು ಬೀಳುತ್ತಿತ್ತು. ಕೊಳೆ ಬಟ್ಟೆ ವಿಂಗಡಿಸುವ ಅಜ್ಜಿ ಆ ಚೀಲಗಳ ಗಂಟು ಬಿಚ್ಚುತ್ತ, "ನನ್ನನ್ನ ಯಾವ ರೋಗ ಮುಟ್ಟೀತು, ಮುಟ್ಟೋಕೆ ಮೈಯಲ್ಲಿ ಏನಿದೆ?" ಎಂದು ಜಂಬ ಕೊಚ್ಚುತ್ತಿದ್ದಳು. ಎಂಟೇ ದಿನ. ಉಸಿರು ಸಿಗದೆ ಒದ್ದಾಡುತ್ತಿದ್ದವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೇಟಿನವರೆಗೆ ಓಡಿದವನು ನೀನು. ನಾವು ತೊಳೆದು ಕಳಿಸಿದ ಹಾಸುಬಟ್ಟೆಯ ಮೇಲೇ ಅವಳು ಸತ್ತಳು. ಹಾಗಿರುವಾಗ, ನಮ್ಮ ಬಟ್ಟೆ ಮುಟ್ಟುವವರೆಲ್ಲ ಲಸಿಕೆ ಹಾಕಿಸಿಕೊಂಡಿರಬೇಕೆಂದು ಆಸ್ಪತ್ರೆ ಕೇಳಿದರೆ ಅದು ಅನ್ಯಾಯವೆಂದು ಯಾವ ಬಾಯಲ್ಲಿ ಹೇಳಲಿ? ಅವರ ರೋಗಿಗಳು, ಅವರ ಹಾಸಿಗೆ. ಇಲ್ಲಿ ಮೂವತ್ತೊಂದು ಜನರ ಅಡುಗೆಮನೆ ಅವರೊಬ್ಬರ ಬಟ್ಟೆಯಿಂದಲೇ ನಡೆಯುತ್ತದೆ.

ಆದರೆ ಆ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದು ನನ್ನ ತಪ್ಪು. ಅಧಿಕಾರಿ ಅಂಟಿಸಿ ಎಂದ, ನಾನೂ ಗೋಂದು ಹಚ್ಚಿ ಅಂಟಿಸಿದೆ. ಹಾಕಿಸಿಕೊಂಡವರ ಹೆಸರಿನ ಮುಂದೆ ಹಸಿರು ಗುರುತು, ಉಳಿದವರ ಸುತ್ತ ಕೆಂಪು ಸುತ್ತು. ಮೊದಲ ವಾರ ಒಂಬತ್ತು ಸುತ್ತು, ಎರಡನೇ ವಾರ ನಾಲ್ಕು, ಆಮೇಲೆ ಒಂದೇ ಒಂದು. ಚಹಾದ ಹೊತ್ತಿನಲ್ಲಿ ಜನ ಅದರ ಮುಂದೆ ನಿಂತು ಗೋಣು ಆಡಿಸುತ್ತಿದ್ದರು. ನೀನು ಬಾಯ್ಲರ್ ಕೋಣೆಯಿಂದ ಬಂದೆ, ಅಂಗೈ ಒರೆಸಿಕೊಂಡೆ, ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದೆ. "ಅಕ್ಕಾ, ಸೂಜಿಗೆ ಹೆದ್ರೋನಲ್ಲ ನಾನು. ನೀನೇ ಬಂದು ಹಾಕಿಸ್ಕೋ ಅಂದಿದ್ರೆ ಆವತ್ತೇ ಹಾಕಿಸ್ಕೋತಿದ್ದೆ. ಹೀಗೆ ಕಳ್ಳರ ಫೋಟೋ ಅಂಟಿಸೋ ಹಾಗೆ ಅಂಟಿಸಿದ್ರೆ ಜಪ್ಪಯ್ಯ ಅಂದ್ರೂ ಹಾಕಿಸ್ಕೊಳಲ್ಲ" ಎಂದೆ. ನಾನೇನೆಂದೆ? "ನಿನ್ನನ್ನ ಬಂದು ಕರೆಯೋಕೆ ಇದೇನು ನಿನ್ನ ಮದುವೆಯಾ?" ಎಂದೆ. ಮೂವತ್ತು ಜನರ ಮುಂದೆ! ಎಲ್ಲರೂ ನಕ್ಕರು, ನನಗೆ ಚಪ್ಪಾಳೆ ಬಿದ್ದಷ್ಟು ಖುಷಿಯಾಯಿತು. ನೀನೊಬ್ಬ ನಗಲಿಲ್ಲ.

ಆಮೇಲೂ ನೀನು ದಾರಿ ಹುಡುಕಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ವಾರಕ್ಕೊಮ್ಮೆ ಮೂಗಿನ ಪರೀಕ್ಷೆ ಮಾಡಿಸುತ್ತೇನೆ, ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದ ಹೋಗುತ್ತೇನೆ, ನನ್ನ ಕೋಣೆಯಲ್ಲಿ ನಾನೊಬ್ಬನೇ ಇರುವುದು, ಒಗೆದ ಬಟ್ಟೆಯನ್ನು ನಾನು ಕಣ್ಣಲ್ಲೂ ನೋಡುವುದಿಲ್ಲ ಎಂದೆ. ನ್ಯಾಯದ ಮಾತೇ. ನಾನೇ ಅಧಿಕಾರಿಗೆ ಫೋನು ಮಾಡಿ ಹೇಳಿದೆ. "ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗುತ್ತೆ ಮೇಡಂ. ನಿಮಗೆ ಕಷ್ಟ ಅಂದ್ರೆ ಹೇಳಿಬಿಡಿ, ಊರಲ್ಲಿ ಇನ್ನೂ ಎರಡು ಲಾಂಡ್ರಿ ಇವೆ" ಎಂದ. ಎಂಥ ಮೃದು ದನಿ ಗೊತ್ತೇ? ಮಗುವಿಗೆ ಜೋಗುಳ ಹಾಡಿದ ಹಾಗೆ. ನಿನಗೆ ನಾನು ಅಬ್ಬರಿಸಿದೆ, ಅವನು ನನಗೆ ಜೋಗುಳ ಹಾಡಿದ. ಕೊರಳಿಗೆ ಬಿದ್ದ ಹಗ್ಗ ಮಾತ್ರ ಒಂದೇ.

ಗಡುವಿನ ದಿನ ಬಂತು. ಸಂಜೆ ಐದರೊಳಗೆ ಎಲ್ಲ ನೌಕರರಿಗೂ ಲಸಿಕೆಯಾಗಿದೆಯೆಂಬ ಪಟ್ಟಿ ಆಸ್ಪತ್ರೆಗೆ ತಲುಪಬೇಕಿತ್ತು. ಮಧ್ಯಾಹ್ನ ನಿನ್ನನ್ನು ಆಫೀಸಿಗೆ ಕರೆಸಿ, ನಾಳೆಯಿಂದ ಬರಬೇಡ ಎಂದೆ. ನೀನು ಕೂಗಾಡುತ್ತೀಯೆಂದು ಕಾದಿದ್ದೆ, ನನ್ನ ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ನೀನು ಕೇಳಿದ್ದು ಒಂದೇ. "ಸರಿ. ಆದ್ರೆ ಯಾರು ಕೇಳಿದ್ರೂ ನೀನೇ ತೆಗೆದೆ ಅಂತ ಹೇಳಕ್ಕಾ. ನಾನು ಬಿಟ್ಟು ಹೋದೆ ಅಂತ ಮಾತ್ರ ಹೇಳಬೇಡ. ಬಾಯ್ಲರ್ ಬಿಟ್ಟು ಹೋದೋನು ಅಂದ್ರೆ ಇನ್ನೆಲ್ಲೂ ಬಾಗಿಲು ತೆಗೆಯಲ್ಲ." ನಾನು ತಲೆಯಾಡಿಸಿದೆ. ನೀನು ಹೋಗಿ ಬೆಂಕಿ ಇಳಿಸಿದೆ, ಒತ್ತಡದ ಮುಳ್ಳು ಸೊನ್ನೆಗೆ ಬರುವ ತನಕ ಸ್ಟೂಲಿನ ಮೇಲೆ ಕೂತು ಕಾದೆ, ದಿನವಹಿಯಲ್ಲಿ ಅಂಕಿ ಬರೆದೆ, ಬೀಗದ ಕೈಯನ್ನು ಮೊಳೆಗೆ ಹಾಕಿ ಹೋದೆ. ಕೆಲಸ ಕಳೆದುಕೊಂಡ ದಿನವೂ ಇಪ್ಪತ್ತೆರಡು ವರ್ಷದ ಕ್ರಮ ತಪ್ಪಲಿಲ್ಲ.

ನೀನು ಸ್ಟೂಲಿನ ಮೇಲೆ ಕಾಯುತ್ತಿದ್ದ ಅದೇ ಹೊತ್ತಿನಲ್ಲಿ ಈ ಕೋಣೆಯಲ್ಲಿ ಇನ್ನೊಂದು ಅಂಕ ನಡೆಯುತ್ತಿತ್ತು. ನಮ್ಮ ಲಾಂಡ್ರಿಯ ವಕೀಲರು ಫೋನಿನಲ್ಲಿದ್ದರು. "ತೆಗೆದ್ರಿ ಅಂತ ಕಾಗದದಲ್ಲಿ ಇದ್ರೆ ನಾಳೆ ದೂರು ಹಾಕ್ತಾರೆ. ಅವರೇ ರಾಜೀನಾಮೆ ಕೊಟ್ರು ಅಂತಿದ್ರೆ ತಂಟೆಯಿಲ್ಲ. ತಮ್ಮ ತಾನೇ, ಒಂದು ಸಹಿ ಹಾಕಿಸ್ಕೊಳ್ಳಿ" ಎಂದರು. ಸಹಿ! ಅದನ್ನು ಕೇಳಿ ಹಾಕಿಸಿಕೊಳ್ಳುವ ದರ್ದೇ ನನಗಿರಲಿಲ್ಲವಲ್ಲ. ಬಾಯ್ಲರ್ ತಪಾಸಣೆಯ ಅರ್ಜಿಗಳಿಗೆ ಬಾಯ್ಲರ್ ನೋಡಿಕೊಳ್ಳುವವನ ಸಹಿ ಬೇಕೆಂದು, ಪ್ರತಿ ವರ್ಷದ ಮೊದಲ ವಾರ ನೀನು ಹತ್ತು ಖಾಲಿ ಹಾಳೆಗಳ ಕೆಳಗೆ ಒಟ್ಟಿಗೆ ಸಹಿ ಗೀಚಿ ಬಿಸಾಕುತ್ತಿದ್ದೆ. "ಬರೆಯೋದೆಲ್ಲ ನೀನೇ ಬರ್ಕೋ, ನನ್ನ ಕೈ ಎಣ್ಣೆ" ಎನ್ನುತ್ತಿದ್ದೆ. ಲೋಕದಲ್ಲಿ ಯಾವ ನೌಕರ ಯಾವ ಮಾಲೀಕರಿಗೆ ಹಾಗೆ ಕೊಡುತ್ತಾನೆ? ನೀನು ಮಾಲೀಕಳಿಗೆ ಕೊಡಲಿಲ್ಲ, ಅಕ್ಕನಿಗೆ ಕೊಟ್ಟೆ. ಮಾಲೀಕಳು ಅದನ್ನು ತೆಗೆದುಕೊಂಡಳು. ಕಡತದಿಂದ ಅಂಥ ಒಂದು ಹಾಳೆ ಎಳೆದು, 'ಸ್ವಂತ ಇಚ್ಛೆಯಿಂದ ಈ ದಿನವೇ ಕೆಲಸ ಬಿಡುತ್ತಿದ್ದೇನೆ' ಎಂದು ನಿನ್ನ ಸಹಿಯ ಮೇಲೆ ಟೈಪು ಮಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನೀನು ಮೂರು ಕಡೆ ಕೆಲಸ ಕೇಳಿದೆ, ಮೂರು ಕಡೆಯವರೂ ನನಗೆ ಫೋನು ಮಾಡಿದರು. ಮೂವರಿಗೂ ಕಾಗದದಲ್ಲಿದ್ದದ್ದನ್ನೇ ಓದಿ ಹೇಳಿದೆ: ಅದೇ ದಿನ, ತಾನಾಗಿಯೇ ಬಿಟ್ಟು ಹೋದ. ಉರಿಯುವ ಬಾಯ್ಲರನ್ನು ಬಿಟ್ಟು ಎದ್ದು ಹೋದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಕೊನೆಗೆ ನೀನು ಈಗಿರುವ ಊರಿನ ಬಸ್ ಡಿಪೋದಲ್ಲಿ ಬಸ್ಸು ತೊಳೆಯಲು ನಿಂತೆ, ಕಾರ್ಮಿಕ ಕಚೇರಿಗೆ ದೂರೂ ಕೊಟ್ಟೆ. ಹೋದ ತಿಂಗಳ ವಿಚಾರಣೆಯಲ್ಲಿ ಕಾರ್ಮಿಕ ಅಧಿಕಾರಿ, ಆ ಕನ್ನಡಕದ ಹೆಂಗಸು, ಹಾಳೆಯನ್ನು ನಿನ್ನ ಕಡೆ ತಳ್ಳಿ, "ಈ ಸಹಿ ನಿಮ್ಮದೇನ್ರೀ?" ಎಂದರು. ಕಂಡ ಕೂಡಲೇ ನಿನಗೆ ಎಲ್ಲವೂ ತಿಳಿಯಿತು. ನಿನ್ನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಅಲ್ಲೇ ಕೂಗಿ ಹೇಳಿದ್ದರೆ ನನ್ನ ಮಾನ ಆ ಮೇಜಿನ ಮೇಲೇ ಹರಾಜಾಗುತ್ತಿತ್ತು. ನೀನು ಮಾತ್ರ, "ಸಹಿ ನಂದೇ. ಮೇಲೆ ಬರೆದಿರೋದು ಹೇಗೆ ಬಂತು ಅಂತ ಅಕ್ಕನ್ನ ಕೇಳಿ" ಎಂದೆ. ನನಗೇ ಬಿಟ್ಟೆ! ಎಲ್ಲರೂ ನನ್ನ ಮುಖ ನೋಡಿದರು. "ಅವನೇ ತಂದುಕೊಟ್ಟ" ಎಂದೆ ನಾನು, ಕಣ್ಣಲ್ಲಿ ನೀರೂ ತಂದುಕೊಂಡೆ. ಹೊರಗೆ ಬಂದಾಗ ನೀನು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಪಾತ್ರ ಚೆನ್ನಾಗಿ ಮಾಡಿದೆ ಕಣಕ್ಕಾ" ಎಂದೆ. ಅಷ್ಟೇ. ಅದಾದ ಮೇಲೆ ನೀನು ನನ್ನೊಡನೆ ಮಾತಾಡಿಲ್ಲ.

ಆಸ್ಪತ್ರೆಯ ಮೇಲೆ ಹೊರಿಸೋಣವೆಂದರೆ, ರೋಗಿಗಳ ಜೀವ ಕಾಯಲು ಹೀಗೆ ಮಾಡಿದೆವು ಎನ್ನುತ್ತಾರೆ, ಅದೂ ನಿಜ. ವಕೀಲರ ಮೇಲೆ ಹೊರಿಸೋಣವೆಂದರೆ, ಸಹಿ ಹಾಕಿಸಿಕೊಳ್ಳಿ ಎಂದೆನೇ ಹೊರತು ಸಹಿಯ ಮೇಲೆ ಬರೆಯಿರಿ ಎನ್ನಲಿಲ್ಲ ಎನ್ನುತ್ತಾರೆ. ಅದೂ ನಿಜ. ಲಾಂಡ್ರಿ ಉಳಿಸಲು ನಿನ್ನನ್ನು ತೆಗೆದೆ, ಅದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಆದರೆ ತೆಗೆದೆ ಎಂದು ಬಾಯಿಬಿಟ್ಟು ಹೇಳುವ ಎದೆ ನನಗಿರಲಿಲ್ಲ. ತೆಗೆದ ಪಾಪವನ್ನೂ ನಿನ್ನ ಕೈಯಲ್ಲೇ ಬರೆಸಿಕೊಂಡೆ. ನಿನ್ನ ಜಾಗಕ್ಕೆ ಬಂದಿರುವ ಹೊಸಬ ಒಳ್ಳೆಯ ಮನುಷ್ಯ, ಕೆಲಸ ಬಲ್ಲವನು. ಆಸ್ಪತ್ರೆಯ ಆದೇಶ ಹೋಯಿತೆಂದು ಅವನನ್ನು ಎಬ್ಬಿಸಿ ನಿನ್ನನ್ನು ಕೂರಿಸಲಾರೆ. ಹಾಗೆ ಮಾಡಿದರೆ ಅದು ಇನ್ನೊಬ್ಬನಿಗೆ ಮಾಡುವ ಅನ್ಯಾಯ. ಆದ್ದರಿಂದ ವಾಪಸ್ ಬಾ ಎಂದು ಈ ಪತ್ರದಲ್ಲಿ ಬರೆಯುತ್ತಿಲ್ಲ. ಬರೆದರೂ ನೀನು ಬರುವವನಲ್ಲ.

ಮಗಳಿಗೆ ಅತ್ತೆಯ ಮುತ್ತು. ನಿನ್ನ ಹೆಂಡತಿಯ ಮೇಲೆ ರೇಗಬೇಡ. ಬಸ್ಸು ತೊಳೆಯುವಾಗ ಒದ್ದೆ ಕಾಲಲ್ಲಿ ನಿಂತಿರಬೇಡ, ಮಂಡಿ ಹಿಡಿಯುತ್ತದೆ. ನೂರು ಕಾಲ ಬಾಳು, ಬೈಯುತ್ತಲಾದರೂ ನನ್ನನ್ನು ನೆನೆ.

ಇಂತಿ ನಿನ್ನ
ಅಕ್ಕ

ಮ.ಬ.: ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಮೊನ್ನೆ ಶುಕ್ರವಾರ ಕಾರ್ಮಿಕ ಕಚೇರಿಗೆ ಹೋಗಿ, ಆ ರಾಜೀನಾಮೆ ನಾನೇ ಬರೆದದ್ದು, ನಿನಗೆ ಗೊತ್ತೇ ಇರಲಿಲ್ಲ, ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು ಎಂದು ಬರೆದು ಕೊಟ್ಟು ಬಂದಿದ್ದೇನೆ. ಆಸ್ಪತ್ರೆಯ ಪತ್ರ ಬಂದ ಮೇಲೆ ಅಕ್ಕನಿಗೆ ಧೈರ್ಯ ಬಂತು ಎನ್ನುತ್ತೀಯ. ಹೌದು, ಆಮೇಲೆಯೇ ಬಂತು. ನನ್ನ ಮೇಲೆ ಏನು ಕ್ರಮ ಎಂಬುದನ್ನು ಆಮೇಲೆ ನೋಡುತ್ತಾರಂತೆ, ನೋಡಲಿ. ವಕೀಲರು ಹೇಳುವ ಪ್ರಕಾರ, ಲಸಿಕೆಯ ಕಾರಣಕ್ಕೆ ನಿನ್ನನ್ನು ತೆಗೆಯುವ ಹಕ್ಕು ನನಗಿತ್ತೆಂದೇ ತೀರ್ಪು ಬರಬಹುದು, ನೀನು ಸೋಲಬಹುದು. ಸೋತರೂ, ತೆಗೆದುಹಾಕಿಸಿಕೊಂಡವನಾಗಿ ಸೋಲುತ್ತೀಯ, ಬಿಟ್ಟು ಹೋದವನಾಗಿ ಅಲ್ಲ. ಆ ಮೂರು ಕಡೆಯವರಿಗೂ ಫೋನು ಮಾಡಿ ಇದನ್ನೇ ಹೇಳಿದ್ದೇನೆ. ಒಬ್ಬರು ಮಾತು ಮುಗಿಯುವ ಮುಂಚೆಯೇ ಇಟ್ಟುಬಿಟ್ಟರು. ವಿಚಾರಣೆ ಇಪ್ಪತ್ತನೇ ತಾರೀಕು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ನನ್ನ ಹೇಳಿಕೆಯನ್ನು ನಾನೇ ನಿಂತು ಓದಬೇಕು. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಒಳಗೆ ಬರಬೇಡ, ಹೊರಗಿನ ಬೆಂಚಿನ ಮೇಲೇ ಕೂತಿರು. ಅಲ್ಲಿಗೂ ಕೇಳಿಸುವ ಹಾಗೆ ಓದುತ್ತೇನೆ.